ಕೆಲಸ ಹೋದ ದಿನದ ಹಕ್ಕು

(ನಮ್ಮ ಉಚಿತ ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಸಾಹಿತ್ಯವನ್ನೋ ಸಂಗೀತವನ್ನೋ ಕುರಿತು ಬಲ್ಲವರು ಮಾತನಾಡುವುದು ವಾಡಿಕೆ. ನಾವು ಆ ಸಾಲಿಗೆ ಸೇರಿದವರಲ್ಲ. ಹಗಲು ಗಿರಣಿಯೊಂದರಲ್ಲಿ ಹಾಜರಿ ಪಟ್ಟಿಯನ್ನೂ ಸಂಬಳದ ಲೆಕ್ಕವನ್ನೂ ಬರೆದು, ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವವರು. ಓದಿದ್ದು ಮೆಟ್ರಿಕ್ಯುಲೇಷನ್ನಿನ ತನಕ. ಆದರೆ ೨೦೨೦ ಮತ್ತು ೨೦೨೧ನೆಯ ಇಸವಿಗಳಲ್ಲಿ, ಕೊರೋನಾ ಜಾಡ್ಯದ ಕಾಲದಲ್ಲಿ, ಕೆಲಸ ಕಳೆದುಕೊಂಡ ನಮ್ಮವರ ಅರ್ಜಿಗಳನ್ನು ಇದೇ ಮೇಜಿನ ಮೇಲೆ ಬರೆದುಕೊಟ್ಟೆವು. ಅದರಲ್ಲಿ ತಿಳಿದುಕೊಂಡದ್ದನ್ನು ಹೇಳಿ ಎಂದು ಸಮಿತಿಯವರು ಅಪ್ಪಣೆ ಮಾಡಿರುವುದರಿಂದ ತಮ್ಮ ಎದುರಿಗೆ ನಿಂತಿದ್ದೇವೆ.

ಹೇಳಬೇಕಾದ ಮಾತು ದೊಡ್ಡದೇನಲ್ಲ. ಕೆಲಸ ಹೋದವನಿಗೆ ದೊರೆಯುವ ಭತ್ಯೆ ಅವನು ಕೆಲಸದಲ್ಲಿದ್ದಾಗಲೇ ಸಂಪಾದಿಸಿಟ್ಟ ಹಣ. ಅದು ಕೈಗೆ ಬರುವುದೂ ತಪ್ಪುವುದೂ, ಕೆಲಸದಲ್ಲಿದ್ದಾಗಲೇ ಬರೆದಿಟ್ಟ ನಾಲ್ಕಾರು ಅಕ್ಷರಗಳ ಮೇಲೆ ನಿಂತಿದೆ. ಇದಿಷ್ಟು ತಮ್ಮ ಮನಸ್ಸಿಗೆ ಬಂದರೆ ನಮ್ಮ ಶ್ರಮ ಸಾರ್ಥಕ.

ದೊಡ್ಡ ರೋಗ ಬಂದಾಗ ಬಡವನಿಗೆ ಎರಡು ಭಯ: ಒಂದು ಪ್ರಾಣದ್ದು, ಇನ್ನೊಂದು ಕೂಲಿಯದು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಮನೆಗಳನ್ನು ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. ೧೯೧೮ರ ಇನ್‌ಫ್ಲುಯೆಂಜಾ ಇಡೀ ದೇಶವನ್ನೇ ತಲ್ಲಣಗೊಳಿಸಿತು. ಅದೇ ೧೯೧೮ರ ಏಪ್ರಿಲ್ ೨೭ರಂದು ನಮ್ಮ ಪೆರಂಬೂರಿನಲ್ಲಿ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರನ್ನು ಕೂಡಿಸಿಕೊಂಡು ಮದರಾಸ್ ಲೇಬರ್ ಯೂನಿಯನ್ ಹುಟ್ಟಿತು, ಬಿ. ಪಿ. ವಾಡಿಯಾ ಅವರು ಅದರ ಮುಂದಾಳುಗಳಾದರು. ಆಗ ರೋಗದಿಂದ ಕೆಲಸ ನಿಂತರೆ ಕೈಹಿಡಿಯುವ ವಿಮೆ ನಮ್ಮ ದೇಶದಲ್ಲಿರಲಿಲ್ಲ. ಹಳ್ಳಿಯಲ್ಲಿ ಬಿಟ್ಟು ಬಂದ ಮನೆಯೇ ಕಾರ್ಮಿಕನ ವಿಮೆ. ಆ ಮನೆಯಲ್ಲಿ ಗಂಜಿಯಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬೇರೆ ದೇಶಗಳಲ್ಲಿ ಇದಕ್ಕೆ ದಾರಿ ಹುಡುಕಿದ್ದರು. ಇಂಗ್ಲೆಂಡಿನಲ್ಲಿ ೧೯೧೧ರಲ್ಲೇ ಕಾಯಿದೆ ಮಾಡಿ, ಹಡಗು ಕಟ್ಟುವುದು, ಯಂತ್ರಗಳ ಕೆಲಸ, ಕಟ್ಟಡದ ಕೆಲಸ ಮೊದಲಾದ ಕೆಲವು ಕಸುಬುಗಳವರಿಗೆ ನಿರುದ್ಯೋಗ ವಿಮೆ ತಂದರು. ನಮ್ಮಲ್ಲಿ ೧೯೪೪ರಲ್ಲಿ ಬಿ. ಪಿ. ಆಡಾರ್ಕರ್ ಅವರು ಕಾರ್ಖಾನೆ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ವರದಿ ಬರೆದರು. ಅದರ ಆಧಾರದ ಮೇಲೆ ೧೯೪೮ರಲ್ಲಿ ಕಾಯಿದೆಯಾಯಿತು. ೧೯೫೨ರ ಫೆಬ್ರವರಿ ೨೪ರಂದು ಕಾನ್‌ಪುರದಲ್ಲಿ ಪಂಡಿತ ನೆಹರೂ ಅವರು ಕಾರ್ಮಿಕರ ರಾಜ್ಯ ವಿಮಾ ಯೋಜನೆಯನ್ನು ಪ್ರಾರಂಭಿಸಿದರು. ನಾವೆಲ್ಲ ಇ.ಎಸ್.ಐ. ಎಂದು ಕರೆಯುವುದು ಇದನ್ನೇ. ಕಾಯಿಲೆ, ಹೆರಿಗೆ, ಕೆಲಸದಲ್ಲಾದ ಪೆಟ್ಟು ಇವಕ್ಕೆ ಅದರಲ್ಲಿ ಪರಿಹಾರವಿತ್ತು. ಕೆಲಸವೇ ಇಲ್ಲವಾದರೆ ಏನು ಎಂಬುದಕ್ಕೆ ಮಾತ್ರ ಉತ್ತರವಿರಲಿಲ್ಲ.

ಆ ಉತ್ತರ ಬಹಳ ನಿಧಾನವಾಗಿ ಬಂದಿತು. ೧೯೫೩ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆಗೆ ತಿದ್ದುಪಡಿ ಮಾಡಿ, ಲೇ-ಆಫ್ ಆದವರಿಗೆ ಅರ್ಧ ಸಂಬಳ ಕೊಡಬೇಕೆಂದರು. ಆದರೆ ಬದಲಿ ಕೆಲಸಗಾರರಿಗೂ ದಿನಗೂಲಿಯವರಿಗೂ ಅದು ಸಲ್ಲಲಿಲ್ಲ. ೨೦೦೫ರ ಏಪ್ರಿಲಿನಿಂದ, ಕಾರ್ಖಾನೆ ಮುಚ್ಚಿ ಅಥವಾ ರಿಟ್ರೆಂಚ್‌ಮೆಂಟಿನಲ್ಲಿ ಕೆಲಸ ಹೋದ ವಿಮೆದಾರರಿಗೆ ಇ.ಎಸ್.ಐ.ಯಿಂದ ರಾಜೀವ್ ಗಾಂಧಿಯವರ ಹೆಸರಿನ ನಿರುದ್ಯೋಗ ಭತ್ಯೆ ಬಂತು. ೨೦೧೮ರ ಜುಲೈ ೧ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬ ಇನ್ನೊಂದು ಬಂದಿತು. ಈ ಎರಡನೆಯದನ್ನೇ ನಾವಿಂದು ವಿವರವಾಗಿ ನೋಡಬೇಕಾಗಿದೆ.

ಮೊದಲು ಇದ್ದ ನಿಯಮಗಳು ಹೀಗೆ. ಎರಡು ವರ್ಷ ವಿಮೆಯ ಕೆಲಸದಲ್ಲಿದ್ದಿರಬೇಕು. ಆರಾರು ತಿಂಗಳ ನಾಲ್ಕು ವಂತಿಗೆ ಅವಧಿಗಳಲ್ಲಿ ಒಂದೊಂದರಲ್ಲೂ ೭೮ ದಿನದ ವಂತಿಗೆ ಸಂದಿರಬೇಕು. ಕೆಲಸ ಹೋಗಿ ೯೦ ದಿನ ಕಳೆದಿರಬೇಕು. ಅರ್ಜಿ ಮಾಲೀಕರ ಮೂಲಕವೇ ಹೋಗಬೇಕು. ಇಷ್ಟೆಲ್ಲ ಆದ ಮೇಲೆ ದೊರೆಯುತ್ತಿದ್ದುದು ಸರಾಸರಿ ಸಂಬಳದ ಕಾಲುಭಾಗ, ಹೆಚ್ಚೆಂದರೆ ೯೦ ದಿನ, ಅದೂ ಜೀವಮಾನದಲ್ಲಿ ಒಂದೇ ಸಾರಿ. ಮೂರು ತಿಂಗಳು ಉಪವಾಸವಿದ್ದ ಮೇಲೆ ಊಟಕ್ಕೆ ಕರೆದಂತೆ!

ಹೀಗಿರುವಾಗ ೨೦೨೦ರ ಮಾರ್ಚ್ ೨೫ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ನಮ್ಮ ಚೆನ್ನೈಯಲ್ಲಿ ಮೇ ತಿಂಗಳ ಮೊದಲ ವಾರ ಕೋಯಂಬೇಡು ಮಾರುಕಟ್ಟೆಯಿಂದ ರೋಗ ಹಬ್ಬಿ ಅದನ್ನೂ ಮುಚ್ಚಿದರು. ಜೂನ್ ೧೯ರಿಂದ ೩೦ರ ತನಕ ಚೆನ್ನೈ ಮತ್ತು ಸುತ್ತಣ ಭಾಗಗಳಲ್ಲಿ ಮತ್ತೆ ಬಿಗಿಯಾದ ಲಾಕ್‌ಡೌನ್ ಬಂದಿತು. ಹೋಟೆಲುಗಳಲ್ಲಿ ಕುಳಿತು ತಿನ್ನುವುದು ನಿಂತು ಪಾರ್ಸೆಲ್ ಒಂದೇ ಉಳಿದ ತಿಂಗಳುಗಳಿದ್ದವು. ಈ ಪಟ್ಟಣದಲ್ಲಿ ಕನ್ನಡಿಗರ ಕಸುಬು ಯಾವುದೆಂದು ಕೇಳಿದರೆ ಮಗುವೂ ಹೋಟೆಲು ಎನ್ನುತ್ತದೆ. ಪಾರ್ಸೆಲ್ಲಿಗೆ ಅಡಿಗೆಯವನು ಬೇಕು, ಕಟ್ಟುವವನು ಬೇಕು. ಬಡಿಸುವ ಸಪ್ಲೈಯರು ಬೇಡ, ಮೇಜು ಒರೆಸುವ ಹುಡುಗ ಬೇಡ. ಉಡುಪಿ, ಕುಂದಾಪುರದ ಕಡೆಯ ಎಷ್ಟು ಜನ ಹಾಗೆ ಬೇಡವಾದರೆಂಬುದನ್ನು ಇಲ್ಲಿ ಕುಳಿತಿರುವ ಅನೇಕರು ಬಲ್ಲರು.

ಮಾರ್ಚ್ ೨೯ರಂದು ಕೇಂದ್ರದ ಗೃಹ ಇಲಾಖೆ, ಮುಚ್ಚಿದ ಕಾಲಕ್ಕೂ ಮಾಲೀಕರು ಸಂಬಳ ಕೊಡಬೇಕೆಂದು ಆಜ್ಞೆ ಮಾಡಿತು. ಜನ ಅದನ್ನು ನಂಬಿಕೊಂಡರು. ಮೇ ಮಧ್ಯದಲ್ಲಿ ಆಜ್ಞೆ ಹಿಂದಕ್ಕೆ ಹೋಯಿತು. ಜೂನ್ ೧೨ರಂದು ಸುಪ್ರೀಂ ಕೋರ್ಟು, ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಇಬ್ಬರೂ ಕುಳಿತು ಮಾತನಾಡಿ ತೀರ್ಮಾನಿಸಿಕೊಳ್ಳಲಿ ಎಂದಿತು. ಮಾತನಾಡಲು ಇಬ್ಬರೂ ಸಮನಾಗಿ ಕುಳಿತಿರಬೇಕಷ್ಟೆ! ಭವಿಷ್ಯ ನಿಧಿಯಿಂದ ಮೂರು ತಿಂಗಳ ಸಂಬಳ ಅಥವಾ ಜಮೆಯ ಮುಕ್ಕಾಲು ಭಾಗ, ಇವೆರಡರಲ್ಲಿ ಕಡಿಮೆಯಾದುದನ್ನು ತೆಗೆದುಕೊಳ್ಳಬಹುದೆಂದು ಮಾರ್ಚಿಯಲ್ಲೇ ಅಪ್ಪಣೆಯಾಗಿತ್ತು, ಅನೇಕರು ತೆಗೆದುಕೊಂಡರು. ಅದು ಮುಪ್ಪಿನ ಅನ್ನವನ್ನು ಇಂದೇ ಉಂಡಂತೆ. ಅದನ್ನು ತಪ್ಪೆನ್ನುವುದಿಲ್ಲ, ಹಸಿವಿಗೆ ತಿಥಿಯಿಲ್ಲ.

೨೦೨೦ರ ಆಗಸ್ಟ್ ೨೦ರಂದು ಇ.ಎಸ್.ಐ. ಕಾರ್ಪೊರೇಷನ್ನಿನ ಸಭೆ ಅಟಲ್ ಯೋಜನೆಯ ನಿಯಮಗಳನ್ನು ಸಡಿಲಿಸಿತು. ಕಾಲುಭಾಗ ಅರ್ಧವಾಯಿತು. ೯೦ ದಿನ ಕಾಯಬೇಕಾದುದು ೩೦ ದಿನವಾಯಿತು. ಅರ್ಜಿಯನ್ನು ಕಾರ್ಮಿಕನೇ ನೇರವಾಗಿ ಶಾಖಾ ಕಚೇರಿಗೆ ಕೊಡಬಹುದೆಂದಾಯಿತು. ಮಾಲೀಕರನ್ನು ಕೇಳಿ ಖಚಿತಪಡಿಸಿಕೊಳ್ಳುವ ಕೆಲಸ ಕಚೇರಿಯದೇ. ಕೆಲಸ ಹೋಗುವುದಕ್ಕೆ ಹಿಂದಿನ ಅವಧಿಯಲ್ಲಿ ೭೮ ದಿನ, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೊಂದರಲ್ಲಿ ೭೮ ದಿನ ವಂತಿಗೆ ಸಂದಿದ್ದರೆ ಸಾಕು. ಮಾರ್ಚ್ ೨೪ರಿಂದ ಡಿಸೆಂಬರ್ ೩೧ರ ತನಕ ಕೆಲಸ ಹೋದವರಿಗೆಂದು ಮಾಡಿದ ಈ ಸಡಿಲಿಕೆಯನ್ನು ಆಮೇಲೆಯೂ ಮುಂದುವರಿಸಿದರು.

ಇದು ಎಷ್ಟು ಹಣ ಎಂಬುದನ್ನು ಗುಮಾಸ್ತರ ಬುದ್ಧಿಯಿಂದ ಲೆಕ್ಕ ಹಾಕಿ ತೋರಿಸುತ್ತೇವೆ. ತಿಂಗಳಿಗೆ ೧೫,೦೦೦ ರೂಪಾಯಿ ಸಂಬಳದವನೊಬ್ಬ. ೨೦೧೯ರ ಜುಲೈಯಿಂದ ಅವನ ವಂತಿಗೆ ನೂರಕ್ಕೆ ಮುಕ್ಕಾಲು ರೂಪಾಯಿ, ಅಂದರೆ ತಿಂಗಳಿಗೆ ಸುಮಾರು ೧೧೩ ರೂಪಾಯಿ. ಮಾಲೀಕರದು ನೂರಕ್ಕೆ ಮೂರೂಕಾಲು, ಸುಮಾರು ೪೮೮ ರೂಪಾಯಿ. ನಾಲ್ಕು ಅವಧಿಗಳ, ಅಂದರೆ ಎರಡು ವರ್ಷಗಳ, ಒಟ್ಟು ಸಂಬಳವನ್ನು ೭೩೦ ದಿನಗಳಿಂದ ಭಾಗಿಸಿ ದಿನದ ಸರಾಸರಿ ತೆಗೆಯುತ್ತಾರೆ. ಎರಡು ವರ್ಷವೂ ಬಿಡದೆ ದುಡಿದಿದ್ದರೆ ಸರಾಸರಿ ೪೯೩ ರೂಪಾಯಿ. ಅದರರ್ಧದಂತೆ ೯೦ ದಿನಕ್ಕೆ ಸುಮಾರು ೨೨,೦೦೦ ರೂಪಾಯಿ. ಅದೇ ಮನುಷ್ಯ ಎರಡು ವರ್ಷದಲ್ಲಿ ಒಂದೇ ವರ್ಷ ಪಟ್ಟಿಯಲ್ಲಿದ್ದರೆ ೧೧,೦೦೦ ಮಾತ್ರ. ಪಟ್ಟಿಯಲ್ಲಿ ಹೆಸರು ಬರೆಸುವುದನ್ನು ಮಾಲೀಕರು ಆರು ತಿಂಗಳು ತಡ ಮಾಡಿದರೆ ಅದರ ನಷ್ಟ ಯಾರಿಗೆ ಎಂಬುದು ಈಗ ತಿಳಿಯಿತಷ್ಟೆ.

ಇಪ್ಪತ್ತೆರಡು ಸಾವಿರವೆಂದರೆ ಮನೆ ಬಾಡಿಗೆ ಬಾಕಿ ತೀರೀತು, ಒತ್ತೆಯಿಟ್ಟ ಓಲೆ ಬಿಡಿಸಿಕೊಂಡೇವು, ಮಗುವಿನ ಶಾಲೆ ತಪ್ಪದಿದ್ದೀತು. ಸಣ್ಣ ಹಣವಲ್ಲ. ಸಡಿಲಿಕೆಯಾದಾಗ ಸುಮಾರು ನಲವತ್ತು ಲಕ್ಷ ಕಾರ್ಮಿಕರಿಗೆ ಇದರಿಂದ ಅನುಕೂಲವಾಗಬಹುದೆಂದು ಪತ್ರಿಕೆಗಳಲ್ಲಿ ಬಂದಿತ್ತು. ೨೦೨೧ನೆಯ ಇಸವಿ ಮುಗಿದರೂ ಪಡೆದವರ ಸಂಖ್ಯೆ ಒಂದು ಲಕ್ಷವನ್ನು ಮುಟ್ಟಿರಲಿಲ್ಲ. ನಲವತ್ತರಲ್ಲಿ ಒಬ್ಬರೂ ಪಡೆಯಲಿಲ್ಲವೆಂದಾಯಿತು. ಏಕೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಸುಮ್ಮನಾಗಬಹುದು. ನಾವು ಅರ್ಜಿ ಬರೆಯುವಾಗ ಕಂಡ ತೊಡಕುಗಳನ್ನು ಮಾತ್ರ ಹೇಳುತ್ತೇವೆ, ತಾವೇ ನಿರ್ಣಯಿಸಿ.

ಮೊದಲನೆಯದು ಹೆಸರು. ದಕ್ಷಿಣ ಕನ್ನಡದ ಕಡೆ ನಮ್ಮ ಹೆಸರಿನ ಮುಂದಿನ ಅಕ್ಷರ ಅನೇಕರಿಗೆ ಊರಿನದು ಅಥವಾ ಮನೆಯದು. ತಮಿಳುನಾಡಿನಲ್ಲಿ ಅದು ತಂದೆಯ ಹೆಸರಿನ ಅಕ್ಷರ. ಊರಿನಲ್ಲಿ ಮಾಡಿಸಿದ ಆಧಾರಿನಲ್ಲಿ ಮಂಜುನಾಥ. ಇಲ್ಲಿಯ ಗುಮಾಸ್ತ ವಿಮೆಯ ಪಟ್ಟಿಯಲ್ಲಿ ಬರೆದದ್ದು ಮಂಜುನಾಥನ್. ಬ್ಯಾಂಕಿನಲ್ಲಿ ಮಂಜುನಾಥ ಶೆಟ್ಟಿ. ಮೂವರೂ ಒಬ್ಬನೇ ಎಂದು ಅವನ ತಾಯಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅಂಬತ್ತೂರಿನ ಕಡೆ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದ ನಮ್ಮವರೊಬ್ಬ ಹೆಣ್ಣುಮಗಳಿಗೆ ಮದುವೆಗೆ ಮುಂಚಿನ ಹೆಸರು ಒಂದು ಕಡೆ, ಮದುವೆಯ ನಂತರದ್ದು ಇನ್ನೊಂದು ಕಡೆ ಇದ್ದುದರಿಂದ, ತಿದ್ದಿಸಿಕೊಂಡು ಬರುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳು ಆಕೆ ಅಕ್ಕಪಕ್ಕದವರ ರವಿಕೆ ಹೊಲಿದು ಮನೆ ನಡೆಸಿದರು.

ಎರಡನೆಯದು ಬ್ಯಾಂಕು. ಕರಾವಳಿಯವರ ಖಾತೆಗಳು ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಈ ಬ್ಯಾಂಕುಗಳಲ್ಲಿ ಹೆಚ್ಚಾಗಿದ್ದವು. ವಿಜಯಾ ಬ್ಯಾಂಕು ೨೦೧೯ರ ಏಪ್ರಿಲ್ ೧ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ೨೦೨೦ರ ಏಪ್ರಿಲ್ ೧ರಂದು, ಲಾಕ್‌ಡೌನಿನ ನಡುವೆಯೇ, ಸಿಂಡಿಕೇಟು ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ೨೦೨೧ರಲ್ಲಿ ಒಂದರ ಹಿಂದೊಂದು ಈ ಮೂರು ಬ್ಯಾಂಕುಗಳ ಹಳೆಯ ಐ.ಎಫ್.ಎಸ್.ಸಿ. ಸಂಖ್ಯೆಗಳು ನಿಂತುಹೋದವು. ಹಳೆಯ ಪಾಸ್ ಪುಸ್ತಕ ನೋಡಿ ಬರೆದ ಅರ್ಜಿಯ ಹಣ ಎಲ್ಲಿಗೆ ಹೋಗಬೇಕು?

ಮೂರನೆಯದೇ ದೊಡ್ಡದು: ‘ಕರೆದಾಗ ಬಾ’ ಎಂಬ ಮಾತು. ಹೋಟೆಲೊಂದರಲ್ಲಿ ಹನ್ನೊಂದು ವರ್ಷ ಸಪ್ಲೈಯರಾಗಿದ್ದವರೊಬ್ಬರನ್ನು ಮಾಲೀಕರು ಕೆಲಸದಿಂದ ತೆಗೆಯಲಿಲ್ಲ, ಸಂಬಳವನ್ನೂ ಕೊಡಲಿಲ್ಲ. ಊರಿಗೆ ಹೋಗಿರು, ಕರೆದಾಗ ಬಾ ಎಂದರು. ಪ್ರೀತಿಯಿಂದಲೇ ಹೇಳಿರಬಹುದು. ಆದರೆ ಅರ್ಜಿ ಕೇಳುವುದು ಕೆಲಸ ಹೋದ ತಾರೀಖನ್ನು. ಇಂಥವರಿಗೆ ಆ ತಾರೀಖೇ ಇಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಪ್ರತಿ ತಿಂಗಳೂ ಇ.ಎಸ್.ಐ. ವಂತಿಗೆಯ ಲೆಕ್ಕ ತುಂಬುವಾಗ, ಒಬ್ಬ ಕೆಲಸಗಾರನ ದಿನಗಳು ಸೊನ್ನೆಯೆಂದು ಬರೆದರೆ ಕಂಪ್ಯೂಟರು ಕಾರಣ ಕೇಳುತ್ತದೆ. ರಜೆಯ ಮೇಲಿದ್ದಾನೆ, ಕೆಲಸ ಬಿಟ್ಟ, ಕೆಲಸವಿಲ್ಲ, ರಿಟ್ರೆಂಚ್‌ಮೆಂಟ್ ಎಂದು ಮುಂತಾಗಿ ಕೆಲವು ಕಾರಣಗಳಿರುತ್ತವೆ. ಅವುಗಳಲ್ಲಿ ಒಂದನ್ನು ಗುಮಾಸ್ತ ಆರಿಸಬೇಕು. ತೆಗೆದುಹಾಕಿದೆವೆಂದು ಬರೆದರೆ ಪರಿಹಾರದ ಮಾತು ಬಂದೀತೆಂಬ ಅಂಜಿಕೆ ಮಾಲೀಕರಿಗೆ. ಆದುದರಿಂದ ‘ರಜೆಯ ಮೇಲಿದ್ದಾನೆ’ ಎಂಬುದು ಎಲ್ಲರಿಗೂ ಸುಲಭವಾದ ಉತ್ತರ. ಊರಿನಲ್ಲಿ ಸಾಲ ಮಾಡಿಕೊಂಡು ಕುಳಿತಿರುವ ಮನುಷ್ಯ ಕಾಗದದ ಮೇಲೆ ರಜೆಯಲ್ಲಿ ಸುಖವಾಗಿರುತ್ತಾನೆ! ಇಲ್ಲಿ ಗುಮಾಸ್ತ ಬಂಧುಗಳು ಕೆಲವರಿದ್ದೀರಿ. ಆ ಒಂದು ಕಾಲಂ ತುಂಬುವಾಗ ಒಂದು ಕ್ಷಣ ಕೈ ತಡೆದು, ನಿಜವಾದ ಕಾರಣವನ್ನೇ ಬರೆಯೋಣವೆಂದು ಮಾಲೀಕರಿಗೆ ವಿನಯದಿಂದ ಹೇಳಿ. ಅದರಲ್ಲಿ ಒಬ್ಬರ ಮೂರು ತಿಂಗಳ ಅಕ್ಕಿ ಇದೆ.

ಇನ್ನೂ ಒಂದು ತೊಡಕು ಮೊದಲಿಗೆ ಇತ್ತು. ಅರ್ಜಿಯನ್ನು ೨೦ ರೂಪಾಯಿಯ ಛಾಪಾ ಕಾಗದದ ಮೇಲೆ ಪ್ರಮಾಣ ಪತ್ರವಾಗಿ ಕೊಡಬೇಕಾಗಿತ್ತು. ಓಡಾಟಕ್ಕೇ ಅಡ್ಡಿಯಿದ್ದ ಕಾಲದಲ್ಲಿ ಛಾಪಾ ಕಾಗದವನ್ನೂ ನೋಟರಿಯನ್ನೂ ಹುಡುಕಿಕೊಂಡು ಹೋಗುವುದೆಲ್ಲಿಗೆ? ಇದನ್ನು ೨೦೨೦ರ ನವೆಂಬರಿನಲ್ಲಿ ತೆಗೆದುಹಾಕಿದರು. ಕೂಗಿದರೆ ಕೇಳುವವರೂ ಇದ್ದಾರೆಂಬುದಕ್ಕೆ ಇದನ್ನು ಹೇಳಿದೆವು.

ಈ ಪಾಡು ನಮ್ಮದೊಂದೇ ಎಂದು ಭಾವಿಸಬೇಡಿ. ಅಮೆರಿಕದಲ್ಲಿ ೨೦೨೦ರ ಮಾರ್ಚ್ ತಿಂಗಳ ಕೊನೆಯ ಒಂದೇ ವಾರದಲ್ಲಿ ಅರವತ್ತು ಲಕ್ಷಕ್ಕೂ ಮಿಕ್ಕಿ ಜನ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದರು. ಅರ್ಜಿಗಳ ಭಾರಕ್ಕೆ ಕಂಪ್ಯೂಟರುಗಳೇ ಕುಸಿದವು. ನ್ಯೂಜರ್ಸಿ ಸಂಸ್ಥಾನದ ಗವರ್ನರು, ಹಳೆಯ ಕೋಬಾಲ್ ಭಾಷೆ ಬಲ್ಲವರು ಬಂದು ನೆರವಾಗಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. ಜರ್ಮನಿಯವರು ಇನ್ನೊಂದು ದಾರಿ ಹಿಡಿದರು: ಕೆಲಸಗಾರನನ್ನು ಬಿಡಿಸದೆ ಕೆಲಸದ ಹೊತ್ತನ್ನು ಕಡಿಮೆ ಮಾಡಿ, ಹೋದ ಸಂಬಳದ ಬಹುಭಾಗವನ್ನು ಸಾರ್ವಜನಿಕ ನಿಧಿಯಿಂದ ತುಂಬಿಕೊಟ್ಟರು. ‘ಕರೆದಾಗ ಬಾ’ ಎಂಬ ಮಾತು ಅಲ್ಲಿಯೂ ಉಂಟು. ಕರೆಯುವ ತನಕ ಊಟಕ್ಕೆ ದಾರಿಯೂ ಜೊತೆಯಲ್ಲೇ ಉಂಟು.

ಪಟ್ಟಿಯಲ್ಲೇ ಇಲ್ಲದವರ ಮಾತನ್ನು ಆಡದೆ ಮುಂದೆ ಹೋದರೆ ಅನ್ಯಾಯವಾದೀತು. ಸಂಬಳ ೨೧,೦೦೦ ರೂಪಾಯಿಗಿಂತ ಮೇಲಿದ್ದವರಿಗೆ ಆಗ ಇ.ಎಸ್.ಐ. ಇರಲಿಲ್ಲ. ನಾಲ್ಕೈದು ಜನರ ಸಣ್ಣ ಹೋಟೆಲುಗಳವರು, ಮದುವೆ ಅಡಿಗೆಯ ಭಟ್ಟರು ಮತ್ತು ಅವರ ಸಹಾಯಕರು, ಮನೆಗೆಲಸದವರು ಇವರಿಗೂ ಇರಲಿಲ್ಲ. ರೇಷನ್ ಕಾರ್ಡಿನವರಿಗೆ ತಮಿಳುನಾಡು ಸರಕಾರ ೨೦೨೦ರಲ್ಲಿ ಒಂದು ಸಾವಿರ, ೨೦೨೧ರಲ್ಲಿ ಎರಡು ಕಂತುಗಳಾಗಿ ನಾಲ್ಕು ಸಾವಿರ ರೂಪಾಯಿ ಕೊಟ್ಟಿತು. ಆದರೆ ಕಾರ್ಡು ಊರಿನಲ್ಲಿ, ಹೊಟ್ಟೆ ಚೆನ್ನೈಯಲ್ಲಿ ಎಂಬಂಥವರಿಗೆ ಅದೂ ಇಲ್ಲ. ೨೦೨೦ರಲ್ಲಿ ಮದುವೆಗಳೇ ನಿಂತಾಗ ಅಡಿಗೆಯವರ ಮನೆಯ ಒಲೆಯೂ ಉರಿಯಲಿಲ್ಲ. ಅವರಿಗೆ ಬರೆದುಕೊಡಲು ನಮ್ಮ ಹತ್ತಿರ ಯಾವ ಅರ್ಜಿಯೂ ಇರಲಿಲ್ಲ. ಮೇಜಿನ ಈ ಕಡೆ ಕುಳಿತವರಿಗೆ ಅದಕ್ಕಿಂತ ಕಷ್ಟವಾದ ಹೊತ್ತು ಬೇರೊಂದಿಲ್ಲ.

ಕೊನೆಯ ತೊಡಕು ಯಾವ ಕಾಯಿದೆಯಲ್ಲಿಯೂ ಇಲ್ಲ, ನಮ್ಮ ಮನಸ್ಸಿನಲ್ಲಿದೆ. ಐವತ್ತು ದಾಟಿದ ಒಬ್ಬ ಹಿರಿಯರು, ಪ್ಯಾಕಿಂಗ್ ವಿಭಾಗದಲ್ಲಿದ್ದವರು, ಎಲ್ಲ ದಾಖಲೆಯೂ ಸರಿಯಿದ್ದರೂ ಅರ್ಜಿಗೆ ಸಹಿ ಹಾಕಲೊಲ್ಲರು. ‘ಇಷ್ಟು ವರ್ಷ ದುಡಿದು ಉಂಡೆವು, ಈಗ ಸರಕಾರದ ಮುಂದೆ ಕೈ ಒಡ್ಡುವುದೇ?’ ಎಂದರು. ಜೊತೆಯಲ್ಲಿ ಬಂದಿದ್ದ ಅವರ ಮನೆಯವರು ಮೆಲ್ಲಗೆ, ‘ತಿಂಗಳು ತಿಂಗಳೂ ನಿಮ್ಮ ಸಂಬಳದಲ್ಲಿ ಕಾಸು ಹಿಡಿಯುವಾಗ ಅವರು ನಾಚಿಕೊಂಡರೆ?’ ಎಂದು ಕೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಪೆನ್ನು ತೆಗೆದುಕೊಂಡರು. ನಾವು ಈ ಅರ್ಧ ಗಂಟೆಯಿಂದ ಹೇಳುತ್ತಿರುವುದನ್ನು ಆ ತಾಯಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದರು.

ಹಾಗಾದರೆ ಮಾಡಬೇಕಾದುದೇನು? ಬೆಂಕಿ ಬಿದ್ದಾಗ ಬಾವಿ ತೋಡಲಾಗದು. ವಂತಿಗೆ ಅವಧಿಗಳು ಸೆಪ್ಟೆಂಬರ್ ೩೦ಕ್ಕೊಮ್ಮೆ, ಮಾರ್ಚ್ ೩೧ಕ್ಕೊಮ್ಮೆ ಮುಗಿಯುವುವೆಂಬ ಲೆಕ್ಕದಲ್ಲಿ, ಪ್ರತಿ ಅಕ್ಟೋಬರ್ ಮತ್ತು ಏಪ್ರಿಲ್ ತಿಂಗಳಲ್ಲಿ ತಮ್ಮ ಕಾಗದಗಳನ್ನು ಒಮ್ಮೆ ಹೊರಗೆ ತೆಗೆಯಿರಿ. ಆಧಾರ್, ವಿಮೆ, ಬ್ಯಾಂಕು ಮೂರರಲ್ಲೂ ಹೆಸರು ಒಂದೇ ಇದೆಯೇ? ಬ್ಯಾಂಕಿನ ಸಂಖ್ಯೆ ಹೊಸದೇ? ವಿಮೆಗೆ ಕೊಟ್ಟ ದೂರವಾಣಿ ಸಂಖ್ಯೆ ಈಗಲೂ ತಮ್ಮ ಹತ್ತಿರವಿದೆಯೇ? ಆ ಆರು ತಿಂಗಳಲ್ಲಿ ವಂತಿಗೆ ಕಟ್ಟಿದ ದಿನಗಳು ಎಷ್ಟು? ಸಂಬಳದ ಚೀಟಿಯಲ್ಲಿ ಹಣ ಹಿಡಿದಿದ್ದರೆ ಅದು ಕಾರ್ಪೊರೇಷನ್ನಿಗೆ ಸಂದಿದೆಯೇ? ಸಂಬಳದ ಚೀಟಿಗಳನ್ನು ಎರಡು ವರ್ಷದ ತನಕವಾದರೂ ಬಿಸಾಡಬೇಡಿ. ಕೆಲಸ ಬಿಡಿಸಿದರೆ ತಾರೀಖು ಹಾಕಿ ಒಂದು ಸಾಲು ಬರೆದುಕೊಡಿರೆಂದು ಕೇಳಿ. ಬರೆದುಕೊಡದಿದ್ದರೆ ತಾವೇ ಒಂದು ಕಾಗದ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀತಿ ಇಟ್ಟುಕೊಳ್ಳಿ.

ಈ ಭತ್ಯೆಯ ಅವಧಿಯನ್ನು ಸರಕಾರ ಕಾಲಕಾಲಕ್ಕೆ ಆಜ್ಞೆ ಹೊರಡಿಸಿ ಮುಂದಕ್ಕೆ ಹಾಕುತ್ತ ಬಂದಿತು. ಆದುದರಿಂದ ಅರ್ಜಿ ಹಾಕುವ ದಿನ ಯಾವ ನಿಯಮವಿದೆಯೆಂದು ಶಾಖಾ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಆಜ್ಞೆಯಿಂದ ಆಜ್ಞೆಗೆ ಬದುಕುವ ಹಕ್ಕು ಪೂರ್ತಿ ಹಕ್ಕಲ್ಲ ಎಂಬುದನ್ನು ಯೂನಿಯನ್ನುಗಳವರೂ ನಮ್ಮ ಪ್ರತಿನಿಧಿಗಳೂ ಎತ್ತಿ ಹೇಳಬೇಕು. ಮುಂದೊಂದು ರೋಗ ಬಂದಾಗ ಆಗಸ್ಟ್ ತಿಂಗಳ ಸಭೆಯ ತನಕ ಕಾಯುವಂತಾಗಬಾರದು. ಬಾಗಿಲು ಹಾಕಿದ ದಿನವೇ ಭತ್ಯೆ ಹೊರಡಬೇಕು.

ಈ ವಾಚನಾಲಯದಿಂದ ಆಗಬಹುದಾದದ್ದು ಸಣ್ಣದು. ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಈ ಮೇಜಿನ ಒಂದು ಕೊನೆಯನ್ನು ಇದಕ್ಕೆಂದೇ ಬಿಟ್ಟುಕೊಡಲು ಸಮಿತಿ ಒಪ್ಪಿದೆ. ತಮ್ಮ ಕಾಗದಗಳನ್ನು ತನ್ನಿ. ತಮಿಳು ಓದಲು ಬಾರದವರೂ, ಇಂಗ್ಲಿಷ್ ಅರ್ಜಿ ಕಂಡರೆ ಹಿಂಜರಿಯುವವರೂ ಸಂಕೋಚವಿಲ್ಲದೆ ಬನ್ನಿ. ಓದಲು ಬರೆಯಲು ಬಲ್ಲ ತರುಣರು ಇಬ್ಬರು ಮೂವರು ನಮ್ಮ ಜೊತೆ ಕುಳಿತರೆ ಉಪಕಾರವಾಗುತ್ತದೆ. ಊರಿಗೆ ಹೋಗಿ ಇನ್ನೂ ಹಿಂದಿರುಗದವರ ವಿಳಾಸ ತಿಳಿದಿದ್ದರೆ ಅವರಿಗೂ ಈ ಮಾತನ್ನು ಬರೆದು ತಿಳಿಸಿ.